ಕಬ್ಬಿಣದ ಕಾಲಿಗೆ ಕಟ್ಟಿದ ಹಗ್ಗ

ನವೆಂಬರ್ ೧೦

ನಾನು ಮಾಂಡಲೀನಾ, ತೀರಿಹೋದ ಕಪ್ತಾನ ಗರ್ಗೂರರ ಹೆಂಡತಿ, ‘ಬೊನಾತ್ಸಾ’ ಹಾಯಿದೋಣಿಯ ಯಜಮಾನಿ. ಅವರು ಹೋದ ಮೇಲೆ ಚುಕ್ಕಾಣಿ ನನ್ನ ಕೈಯಲ್ಲಿದೆ. ಬಂದರಿನ ಗಂಡಸರು ಕಪ್ತಾನಮ್ಮ ಎನ್ನುತ್ತಾರೆ. ತಮಾಷೆಗೆ ಶುರು ಮಾಡಿದ್ದರು — ಈಗ ತಮಾಷೆಗಲ್ಲ. ಚಳಿಗಾಲದ ಕೆಲಸ ಬಂತೆಂದರೆ ಮಗ ಸೊಸೆ ಇಬ್ಬರೂ ನಾನು ಹೇಳಿದಂತೆ.

ಇವತ್ತು ಎಂಜಿನ್‌ಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆದೆವು. ಹಾಯಿಗಳು ಅಟ್ಟಕ್ಕೆ. ಬ್ಯಾಟರಿಗಳು ಮನೆಗೆ. ಒಳಗಿನ ಹಾಸಿಗೆಗಳನ್ನು ಎಬ್ಬಿಸಿ ಒರಗಿಸಿದೆವು, ಬೂಷ್ಟು ಹಿಡಿಯದಿರಲಿ ಎಂದು. ಪ್ರತಿ ವರ್ಷ ದೋಣಿ ನೀರಲ್ಲೇ ಚಳಿಗಾಲ ಕಳೆಯುತ್ತಿತ್ತು. ಈ ಸಲ ತಳ ಸರಿ ಮಾಡಬೇಕು, ಕ್ರೇನ್‌ನಿಂದ ಎತ್ತಿ ದೋಣಿಯಂಗಳದಲ್ಲಿ ಇಟ್ಟಿದ್ದಾರೆ. ಎರಡೂ ಪಕ್ಕಕ್ಕೆ ಕಬ್ಬಿಣದ ಕಾಲುಗಳ ಆಸರೆ. ನೆಲದ ಮೇಲೆ ಅದನ್ನು ನೋಡುವುದೇ ಕಷ್ಟ... ಉಡುಪಿಲ್ಲದೆ ಬೀದಿಯಲ್ಲಿ ನಿಲ್ಲಿಸಿದ ಹಾಗೆ.

ನವೆಂಬರ್ ೧೨

ಟಾರ್ಪಾಲು ಹೊದಿಸುವ ಕೆಲಸ ಸೊಸೆ ಯಾಗೋದಾಗೆ ಕೊಟ್ಟಿದ್ದೆ. ಒಳನಾಡಿನ ಹುಡುಗಿ, ಜೋಳದ ಹೊಲಗಳ ಕಡೆಯವಳು. ದೋಣಿ ನಡೆಸುವ ಪರವಾನಗಿಯ ಪರೀಕ್ಷೆಗೆ ಓದುತ್ತಿದ್ದಾಳೆ — ಅಡುಗೆಮನೆಯಲ್ಲಿ, ಎಲೆಕೋಸು ಬೇಯುವ ಹೊತ್ತಿಗೆ.

ಹೋಗಿ ನೋಡಿದರೆ ಹಗ್ಗವನ್ನು ದೋಣಿಯ ಹೊಟ್ಟೆಯಡಿ ಹಾಯಿಸಿ ಟಾರ್ಪಾಲಿನ ಆಚೆ ಅಂಚಿಗೆ ಕಟ್ಟಿದ್ದಾಳೆ.

“ಇದೇನೇ ಇದು, ಹುಲ್ಲಿನ ಹೊರೆ ಕಟ್ಟಿದ್ದೀಯಾ?”

“ಕಾಲಿಗೆ ಕಟ್ಟಬಾರದು ಅತ್ತೆ. ಗಾಳಿ ಟಾರ್ಪಾಲು ಎತ್ತಿದ್ರೆ ಕಾಲೇ ಕಿತ್ಕೊಂಡು ಬರುತ್ತೆ. ಪುಸ್ತಕದಲ್ಲಿದೆ.”

“ಪುಸ್ತಕ ಗಾಳೀಲಿ ಹಾರುತ್ತೆ. ಕಬ್ಬಿಣ ಹಾರಲ್ಲ. ಬಿಚ್ಚಿ ಸರಿಯಾಗಿ ಕಟ್ಟು.”

ಪಕ್ಕದಲ್ಲಿ ತನ್ನ ದೋಣಿ ಉಜ್ಜುತ್ತಿದ್ದ ಬೇಪೊ ಹೊಟ್ಟೆ ಹಿಡಿದುಕೊಂಡು ನಕ್ಕ. “ಕಪ್ತಾನಮ್ಮ, ಸೊಸೆಗೆ ಒಂದು ಹಸು ತಂದ್ಕೊಡಿ. ಹೊರೆ ರೆಡಿ ಇದೆ.”

ಯಾಗೋದಾಳ ಕಿವಿ ಕೆಂಪಾಯಿತು. ನನಗೂ ನಗು ಬಂತು.

ನವೆಂಬರ್ ೧೩

ಹಾಗೇ ಬಿಟ್ಟಿದ್ದಾಳೆ, ಹಟಮಾರಿ. ಒಬ್ಬಳೇ ಹೋಗಿ ಎಲ್ಲ ಬಿಚ್ಚಿದೆ. ಕಬ್ಬಿಣದ ಕಾಲುಗಳಿಗೆ ಬಿಗಿದೆ. ಜೀವಮಾನವೆಲ್ಲ ಮಾಡಿದ್ದು ಇದನ್ನೇ — ಅಲುಗುವುದನ್ನು ಅಲುಗದ್ದಕ್ಕೆ ಕಟ್ಟುವುದು. ಊಟದ ಹೊತ್ತು, ಅಂಗಳದಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ಹೇಳುವಂಥದ್ದೇನು.

ನವೆಂಬರ್ ೧೭

ಬೂರಾ, ನಮ್ಮ ಚಳಿಗಾಲದ ಬಿರುಗಾಳಿ, ಬೆಟ್ಟದಿಂದ ಇಳಿಯಿತು. ಕಿಟಕಿಯ ಹಲಗೆಗಳೆಲ್ಲ ಬಡಿದುಕೊಂಡವು. ಅಂಥ ಗಾಳಿ. ಬೆಳಿಗ್ಗೆ ಮಗ ಯೆರ್ಕೊ ಬಾಗಿಲಲ್ಲಿ ನಿಂತಿದ್ದ. “ಅಮ್ಮ, ಬೊನಾತ್ಸಾ ಬಿದ್ದಿದೆ.”

ಟಾರ್ಪಾಲು ಹಾಯಿಯ ಹಾಗೆ ಉಬ್ಬಿ ಒಂದು ಕಾಲನ್ನು ಎಳೆದುಹಾಕಿತ್ತು. ಹಗ್ಗ ಇನ್ನೂ ಆ ಕಾಲಿನಲ್ಲೇ ಇತ್ತು. ಗಂಟು ಸಡಿಲಾಗಿರಲಿಲ್ಲ. ನನ್ನ ಗಂಟು ಸಡಿಲಾಗುವುದಿಲ್ಲ. ದೋಣಿ ಬೇಪೊನ ದೋಣಿಯ ಮೇಲೆ ಮಲಗಿತ್ತು, ಅವನ ಹಾಯಿಕಂಬ ಮುರಿದು ಎರಡು ತುಂಡು.

“ಕಾಲಿಗೆ ಕಟ್ಟಿದ್ದು ಯಾರು?” ಎಂದ ಬೇಪೊ.

ಯೆರ್ಕೊ ಹೆಂಡತಿಯ ಕಡೆ ತಿರುಗಿದ.

“ನಾನು ಅಡಿಯಿಂದ ಹಾಯಿಸಿದ್ದೆ...” ಎಂದಳು ಯಾಗೋದಾ.

“ಮತ್ತೆ ದೆವ್ವ ಬಂದು ಬಿಚ್ಚಿ ಕಟ್ತಾ?” ಬೇಪೊ ಕೇಳಿದ.

ಎಲ್ಲರೂ ಅವಳ ಕಡೆ ತಿರುಗಿದರು.

ನಾನೂ ತಿರುಗಿದೆ.

ಡಿಸೆಂಬರ್ ೬

ಸಂತ ನಿಕೋಲನ ದಿನ. ನಾವಿಕರ ಸಂತ. ಇಗರ್ಜಿಯಲ್ಲಿ ತಲೆಯೆತ್ತಿ ಅವನ ಮುಖ ನೋಡಲಾಗಲಿಲ್ಲ. ಇಷ್ಟು ದಿನ ಬರೆಯಲಿಲ್ಲ... ಏನು ಬರೆಯಲಿ. ಬೊನಾತ್ಸಾವನ್ನು ಎತ್ತಿ ನಿಲ್ಲಿಸಿದ್ದಾರೆ, ಪಕ್ಕೆ ಸೀಳಿದೆ. ಬೇಪೊಗೆ ವಿಮೆಯವರು ಹೊಸ ಕಂಬ ಹಾಕಿಸಿಕೊಡುತ್ತಾರೆ. ಎಲ್ಲ ಸರಿಹೋಗುತ್ತದೆ. ಅಂಗಳದಲ್ಲಿ ಯಾಗೋದಾ ಕಂಡರೆ ಮಾತ್ರ ಯಾರಾದರೊಬ್ಬರು ‘ಅಂಬಾ’ ಎನ್ನುತ್ತಾರೆ.

ಡಿಸೆಂಬರ್ ೧೪

ಹಿಟ್ಟು ನಾದುತ್ತಿದ್ದೆ. ಯಾಗೋದಾ ಬಂದು ನಿಂತಳು.

“ಅತ್ತೆ, ನಾನು ಕಾಲಿಗೆ ಕಟ್ಟಿರಲಿಲ್ಲ ಅಂತಾನೇ ನೆನಪು. ಆದ್ರೆ ನೀವು ಬೈದ ಮೇಲೆ ಒಂದೆರಡು ಹಗ್ಗ ಬದಲಾಯಿಸಿದ್ನೋ ಏನೋ. ಕೈ ಮರಗಟ್ಟಿತ್ತು. ಈಗ ನಂಗೇ ಗೊತ್ತಾಗ್ತಿಲ್ಲ. ತಪ್ಪಾಯ್ತು.”

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಬಂದ ಮಾತು — “ಹೋಗ್ಲಿ ಬಿಡು. ಕ್ಷಮಿಸಿದ್ದೀನಿ.”

ಅವಳು ನನ್ನ ಕೈಗೆ ಮುತ್ತಿಟ್ಟಳು. ಹಿಟ್ಟು ಮೆತ್ತಿದ ಕೈಗೆ.

ಪರೀಕ್ಷೆಗೆ ಹೋಗುವುದಿಲ್ಲವಂತೆ. ಪುಸ್ತಕ ಗ್ರಂಥಾಲಯಕ್ಕೆ ವಾಪಸ್. ಬೇಸಿಗೆಯಲ್ಲಿ ನಾವು ದ್ವೀಪಗಳ ಕಡೆ ಹೊರಟಾಗ ಅವಳು ತವರಿಗೆ ಹೋಗಿರುತ್ತಾಳಂತೆ. ಇನ್ನು ದೋಣಿ ಹತ್ತುವುದಿಲ್ಲವಂತೆ. “ಒಳ್ಳೇದಾಯ್ತು,” ಎಂದ ಯೆರ್ಕೊ.

ಜನವರಿ ೧೧, ಭಾನುವಾರ

ಇಗರ್ಜಿಯ ಪೂಜೆ ಮುಗಿಸಿ ಎಲ್ಲರೂ ದೋಣಿಯಂಗಳದಲ್ಲಿ ಸೇರಿದ್ದೆವು. ಬೇಪೊ ಬೂತಾಯಿ ಮೀನು ಸುಡುತ್ತಿದ್ದ. ನನ್ನ ಲೋಟಕ್ಕೆ ವೈನ್ ಸುರಿದು ಎಲ್ಲರಿಗೂ ಕೇಳುವಂತೆ ಹೇಳಿದ:

“ಬೇರೆ ಅತ್ತೆ ಆಗಿದ್ರೆ ಮನೆಯಿಂದ ಓಡಿಸ್ತಿದ್ಲು. ನಮ್ಮ ಕಪ್ತಾನಮ್ಮ ಕ್ಷಮಿಸಿಬಿಟ್ರು. ದೊಡ್ಡ ಮನಸ್ಸು ಕಣ್ರಪ್ಪ.”

ಎಲ್ಲರೂ ಲೋಟ ಎತ್ತಿದರು. ತಟ್ಟೆ ಹಿಡಿದು ನಿಂತಿದ್ದ ಯಾಗೋದಾ ತಲೆಯಾಡಿಸಿದಳು. ಹೌದು, ದೊಡ್ಡ ಮನಸ್ಸು ಎಂದು.

ಅದನ್ನು ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟೆ.

“ಕಾಲಿಗೆ ಕಟ್ಟಿದ್ದು ನಾನು. ಅವಳು ಸರಿಯಾಗೇ ಕಟ್ಟಿದ್ಲು. ನಾನು ಬಿಚ್ಚಿ ಕಟ್ಟಿದೆ. ಬಿದ್ದ ದಿನದಿಂದ್ಲೂ ಗೊತ್ತಿತ್ತು ನಂಗೆ.”

ಕೆಂಡದ ಮೇಲೆ ಎಣ್ಣೆ ಚಟಗುಟ್ಟಿತು. “ಮೀನು ಸೀಯ್ತಾ ಇದೆ,” ಎಂದು ಬೇಪೊ ಆಚೆ ತಿರುಗಿದ. ಯೆರ್ಕೊ ತನ್ನ ಬೂಟು ನೋಡಿಕೊಂಡ.

ಯಾಗೋದಾ ನನ್ನನ್ನೇ ನೋಡಿದಳು. “ಕಟ್ಟಿದ್ದು ಇರಲಿ ಅತ್ತೆ. ನನ್ನ ಕ್ಷಮಿಸಿದ್ದು ಯಾತಕ್ಕೆ?”

ಲೋಟ ಅಲ್ಲೇ ಬಿಟ್ಟು ಮನೆಗೆ ನಡೆದೆ.

ಜನವರಿ ೨೦

ಯಾಗೋದಾ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಸರಿಯೇ. ಬೇಪೊ ದಾರಿಯಲ್ಲಿ ಸಿಕ್ಕ. “ಮಾಂಡಲೀನಾ,” ಎಂದ, ಅಷ್ಟೇ. ಪರೀಕ್ಷೆಯ ಪುಸ್ತಕವನ್ನು ನಾನೇ ಮತ್ತೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಿದ್ದೆ. ಅವಳು ಮುಟ್ಟಿರಲಿಲ್ಲ. ಇವತ್ತು ಅಲ್ಲಿಲ್ಲ.

ಫೆಬ್ರವರಿ ೨

ನೋಟರಿಯ ಬಳಿ ಹೋಗಿ, ಅಲ್ಲಿಂದ ಬಂದರಿನ ಕಚೇರಿಗೆ ಹೋದೆ. ಬೊನಾತ್ಸಾವನ್ನು ಯಾಗೋದಾಳ ಹೆಸರಿಗೆ ಮಾಡಿಸಿದೆ. ಮಗನ ಹೆಸರಿಗಲ್ಲ.

“ಯಾಕಮ್ಮ, ಹುಷಾರಿಲ್ವಾ?” ಎಂದ ಗುಮಾಸ್ತ.

“ಹುಷಾರಾಗೇ ಇದ್ದೀನಿ. ಬರ್ಕೊ.”

ಕಾಗದ ತಂದು ಅವಳ ಮುಂದಿಟ್ಟೆ. ಓದಿದಳು. ಮಡಚಿದಳು.

“ಇಷ್ಟಕ್ಕೆ ಮುಗೀತು ಅಂದ್ಕೋಬೇಡಿ.”

“ಅಂದ್ಕೊಂಡಿಲ್ಲ.”

ಬಾಗಿಲ ತನಕ ಹೋಗಿ ತಿರುಗಿದಳು. “ನಾಳೆ ತಳ ಉಜ್ಜೋದಿದೆ. ಬೆಳಿಗ್ಗೆನೇ ಬನ್ನಿ. ಕೈಗವಸು ನಿಮ್ದೇ ತನ್ನಿ.”

ಬರುತ್ತೇನೆ ಎಂದೆ. ಕೈಗವಸು ಎಲ್ಲಿಟ್ಟಿದ್ದೇನೋ, ಹುಡುಕಬೇಕು —