ಸಾಲು ಸೊಟ್ಟಗಾಗುತ್ತಿದ್ದ ಜಾಗ

೧೦ ಜೂನ್ ೨೦೨೪, ಸೋಮವಾರ. ತುರುವನೂರು

ಎತ್ತಿದ್ದಾಗ ಸೋಮವಾರ ಹೂಡುತ್ತಿರಲಿಲ್ಲ. ಟ್ರ್ಯಾಕ್ಟರಿಗೆ ಯಾವ ವಾರವೂ ಇಲ್ಲ. ನಾನು ಈರುಳ್ಳಿ ಹೊಲಕ್ಕೆ ಬುತ್ತಿ ಒಯ್ಯುವಷ್ಟರಲ್ಲಿ ಬಾಡಿಗೆ ಟ್ರ್ಯಾಕ್ಟರಿನ ಓಬಳೇಶ ಮಣ್ಣು ಪುಡಿ ಮಾಡಿ, ಸಾಲು ಬಿಟ್ಟು ಬೋದು ಎತ್ತಿ ಮುಗಿಸಿದ್ದ. ಈ ತುದಿಯಿಂದ ಆ ತುದಿವರೆಗೂ ದಾರ ಹಿಡಿದ ಹಾಗೆ ನೆಟ್ಟಗೆ.

"ಹೆಂಗೈತೆ ನೋಡ್ರಿ ಅಕ್ಕಾ," ಅಂದ. ಚೆನ್ನಾಗೈತಪ್ಪ ಅಂದೆ. ಅವನಿಗೇನು ಗೊತ್ತು, ಪಾಪ. ಪ್ರತಿ ವರ್ಷ ಹೊಲದ ನಡುವೆ ಒಂದು ಕಡೆ ಸಾಲು ಸೊಟ್ಟಗಾಗುತ್ತಿತ್ತು. ನಮ್ಮ ಮೊದಲ ಕೂಸನ್ನು ಮಣ್ಣು ಮಾಡಿದ್ದು ಅಲ್ಲೇ. ಹೆಸರಿಡುವ ಮುಂಚೆಯೇ ಹೋದ ಕೂಸಿಗೆ ಗದ್ದಿಗೆ ಕಟ್ಟಲಿಲ್ಲ, ಒಂದು ಕಲ್ಲೂ ನೆಡಲಿಲ್ಲ. ಆ ಸೊಟ್ಟವೇ ನನಗೆ ಗುರುತಾಗಿತ್ತು.

ಊಟಕ್ಕೆ ಕೂತಾಗ ಇವರ ಮೇಲೆ ರೇಗಿದೆ. "ಬದುವಿನ ಮೇಲೇ ಕುಂತಿದ್ರಲ್ಲ, ಇಲ್ಲಿ ಬಳಸಿ ಹೋಗಪ್ಪ ಅಂತ ಒಂದು ಮಾತು ಹೇಳಬಾರದಿತ್ತಾ?"

ಇವರು ತುತ್ತು ಕೆಳಗಿಟ್ಟರು. "ಎಲ್ಲಿ ಅಂತ ತೋರಿಸ್ಲಿ? ನಂಗೆ ಯಾವತ್ತೋ ಮರೆತೋಗಿತ್ತು. ಎತ್ತುಗಳೇ ಬಳಸಿಕೊಂಡು ಹೋಗ್ತಿದ್ವು."

ಆ ಜೋಡಿಯನ್ನು ಯುಗಾದಿ ಕಳೆದ ಮೇಲೆ ಮತ್ತೋಡಿನವರಿಗೆ ಮಾರಿದೆವು. ಅಲ್ಲಿ ಯಾರ ಹೊಲದಲ್ಲೋ ಈಗ ಅವು ನೆಟ್ಟಗೆ ನಡೆಯುತ್ತಿರಬೇಕು.