ಹಸಿರು ಬಿಲ್ಲೆ

ಹಡಗಿನ ಮೇಲಿನಿಂದ,
ಗುರುವಾರ ಮಧ್ಯಾಹ್ನ, ಮಾರ್ಚ್ ೧೨

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಮಾತ್ರೆ ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲಾ "ನಾಳೆಯಿಂದ" ಅಂತ ಡಬ್ಬಿ ಮುಚ್ಚಿಡುತ್ತಿದ್ದೀಯೋ? ಅಪ್ಪನ ಕೆಮ್ಮು ಕಡಿಮೆಯಾಯಿತಾ? ನಾನು ಆರೋಗ್ಯವಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದುವಾಗ ನಿನ್ನ ಎದೆ ಧಸಕ್ಕೆನ್ನುತ್ತದೆ. ಹಾಗಾದಾಗ ಮತ್ತೆ ಈ ಸಾಲಿಗೆ ವಾಪಸ್ ಬಾ. ಕೈ, ಕಾಲು, ಮೂಗು ಎಲ್ಲ ಇದ್ದ ಜಾಗದಲ್ಲೇ ಇವೆ.

ಓದು ನಡೆದಿದೆ. ಹಡಗಿನ ಕಾಲೇಜೂ ಎಲ್ಲ ಕಾಲೇಜಿನ ಹಾಗೆಯೇ, ನೆಲ ಮಾತ್ರ ಸುಮ್ಮನಿರುವುದಿಲ್ಲ. ಕುರ್ಚಿಗಳನ್ನು ನೆಲಕ್ಕೆ ಬಿಗಿದಿದ್ದಾರೆ, ನಮ್ಮನ್ನು ಬಿಗಿದಿಲ್ಲ. ಪಾಠದ ನಡುವೆ ನನ್ನ ಪೆನ್ನು ಉರುಳಿ ಹಿಂದಿನ ಸಾಲಿಗೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಇನ್ಯಾರದ್ದೋ ಪೆನ್ನು ನನ್ನ ಕಾಲಡಿ ಬರುತ್ತದೆ. ಯಾರೂ ವಾಪಸ್ ಕೇಳುವುದಿಲ್ಲ. ಸಮುದ್ರದ ಪಾಠ ಮಾಡುವ ಮೇಷ್ಟ್ರಿಗೇ ಸಮುದ್ರ ಆಗಿಬರುವುದಿಲ್ಲ, ಕಂಬ ತಬ್ಬಿಕೊಂಡು ಪಾಠ ಹೇಳುತ್ತಾರೆ. ನಮ್ಮ ಕೋಣೆಯಲ್ಲಿ ಒಂದರ ಮೇಲೊಂದು ಎರಡು ಮಂಚ. ಮೇಲೆ ನಾನು, ಕೆಳಗೆ ರೇಡಿಯೋ. ನನ್ನನ್ನು ಕಳಿಸಲು ಬಂದ ದಿನ ನಿನ್ನ ಕೈ ಹಿಡಿದು ಉಸಿರು ಬಿಡದೆ ಮಾತಾಡಿದಳಲ್ಲ, ಅದೇ ಹುಡುಗಿ. ಆ ಹೆಸರು ಇಟ್ಟವಳು ನಾನೇ. ಈಗ ಮೂರು ದಿನದಿಂದ ರೇಡಿಯೋ ಬಂದ್ ಆಗಿದೆ.

ವಿಷಯಕ್ಕೆ ಬರುತ್ತೇನೆ. ದಡಕ್ಕೆ ಇಳಿಯುವ ಏಣಿಯ ಬಾಯಲ್ಲಿ ಒಂದು ಹಲಗೆ ಇದೆ. ಅದರ ಮೇಲೆ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಬಿಲ್ಲೆ, ಒಂದು ಮುಖ ಕೆಂಪು, ಇನ್ನೊಂದು ಹಸಿರು. ಇಳಿಯುವಾಗ ಕೆಂಪು ಮಾಡಬೇಕು, ಹತ್ತಿದ ಮೇಲೆ ಹಸಿರು. ಹಲಗೆ ಪೂರ್ತಿ ಹಸಿರಾದರೆ ಹಡಗು ಹೊರಡುತ್ತದೆ. ಬೇರೆಯವರ ಬಿಲ್ಲೆ ಮುಟ್ಟಿದವರನ್ನು ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸುತ್ತೇವೆ ಅಂತ ಮೊದಲ ದಿನವೇ ಹೇಳಿದ್ದರು. ಆದರೆ ಹತ್ತುವ ಹೊತ್ತಿಗೆ ಅಲ್ಲಿ ನೂಕುನುಗ್ಗಲು. "ನಂದೂ ತಿರುಗಿಸಿಬಿಡೇ" ಅಂತ ಹಿಂದಿನವಳು ಕೂಗುವುದು, ಮುಂದಿನವಳು ತಿರುಗಿಸುವುದು, ನಮ್ಮಲ್ಲಿ ಇದು ಮಾಮೂಲು. ಅಲ್ಲಿ ಕಾವಲು ನಿಲ್ಲುವವರನ್ನು ನಾವೆಲ್ಲ ಏಣಿ ಮಾವ ಅನ್ನುತ್ತೇವೆ. ಅವರು ಗದರುತ್ತಾರೆ, ಆದರೆ ಯಾರ ಮೇಲೂ ದೂರು ಕೊಟ್ಟವರಲ್ಲ.

ಸೋಮವಾರ ಬಂದರಿನಲ್ಲಿ ಸುತ್ತಾಡಿ ಬರುವಾಗ, ದೂರದಿಂದ ಹಡಗು ಕಂಡದ್ದೇ ತಡ, ರೇಡಿಯೋಗೆ ಹೊಟ್ಟೆ ತೊಳಸತೊಡಗಿತು. ಅವಳ ವಾಂತಿ ಮಾತ್ರೆ ಮುಗಿದಿತ್ತು. "ನೀನು ಹತ್ತಿ ಮಲಗು, ನಾನು ಓಡಿ ತರ್ತೀನಿ" ಅಂದೆ. ಔಷಧಿ ಅಂಗಡಿ ಬಂದರಿನ ಗೇಟಿನ ಎದುರಿಗೇ ಇತ್ತು. ಆದರೆ ಅಂಗಡಿಯವನು ಮೊದಲು ಮಾತ್ರೆ ಹುಡುಕಿದ, ಆಮೇಲೆ ತನ್ನ ಕನ್ನಡಕ ಹುಡುಕಿದ, ಆಮೇಲೆ ಮತ್ತೆ ಮಾತ್ರೆ. ನಾನು ಗೇಟು ದಾಟಿ ಓಡಿ ಬರುವಷ್ಟರಲ್ಲಿ ಏಣಿ ಎತ್ತಿದ್ದರು, ಹಗ್ಗ ಬಿಚ್ಚಿದ್ದರು. ದಡಕ್ಕೂ ಹಡಗಿಗೂ ನಡುವೆ ಒಂದು ಪಟ್ಟಿ ನೀರು. ಅಮ್ಮಾ, ಆ ಪಟ್ಟಿ ಅಗಲವಾಗುತ್ತಾ ಹೋಗುವುದನ್ನು ನಿಂತು ನೋಡಿದೆ. ಗಂಟಲು ಹರಿಯುವ ಹಾಗೆ ಕೂಗಿದೆ, ಸ್ವೆಟರ್ ಬಿಚ್ಚಿ ಬೀಸಿದೆ. ಮೇಲೆ ನಿಂತಿದ್ದವರು ನಗುತ್ತಾ ಕೈ ಬೀಸಿದರು. ಯಾರೋ ದಡದವಳು ಟಾಟಾ ಮಾಡುತ್ತಿದ್ದಾಳೆ ಅಂದುಕೊಂಡರಂತೆ.

ಪಾಸ್‌ಪೋರ್ಟು ಹಡಗಿನ ಆಫೀಸಿನಲ್ಲಿ, ಕೈಯಲ್ಲಿ ವಾಂತಿ ಮಾತ್ರೆ. ಬಂದರಿನ ಗುಮಾಸ್ತರು ವೈರ್‌ಲೆಸ್‌ನಲ್ಲಿ ಹಡಗನ್ನು ಕರೆದು "ನಿಮ್ಮ ಹುಡುಗಿ ಒಬ್ಬಳು ಇಲ್ಲಿದ್ದಾಳೆ" ಅಂದರೆ, ಆ ಕಡೆಯಿಂದ "ಸಾಧ್ಯವೇ ಇಲ್ಲ, ಹಲಗೆ ಪೂರ್ತಿ ಹಸಿರಾಗಿದೆ" ಅನ್ನುತ್ತಾರೆ! ನಾನು ಅವರ ಮೇಜಿನ ಮುಂದೆ ಅಳುತ್ತಾ ನಿಂತಿದ್ದೇನೆ, ಹಲಗೆಯ ಪ್ರಕಾರ ಹಡಗಿನಲ್ಲಿ ಆರಾಮಾಗಿದ್ದೇನೆ. ಕೊನೆಗೆ ಕೋಣೆಗೆ ಹೋಗಿ ನೋಡಿದರಂತೆ. ಆಮೇಲೆ ಹಡಗು ನಿಂತಿತು, ನನ್ನನ್ನು ಮೋಟಾರು ದೋಣಿಯಲ್ಲಿ ಕಳಿಸಿದರು. ಹಡಗಿನ ಪಕ್ಕೆಗೆ ಹಗ್ಗದ ಏಣಿ ಇಳಿಬಿಟ್ಟಿದ್ದರು. ದೋಣಿ ಒಂದು ಸಲ ಮೇಲೆ ನೆಗೆಯುತ್ತದೆ, ಒಂದು ಸಲ ಕುಸಿಯುತ್ತದೆ, ನೆಗೆದಾಗ ಏಣಿ ಹಿಡಿಯಬೇಕು. ಹಿಡಿದೆ, ಅರ್ಧದಲ್ಲಿ ಕಾಲು ಜಾರಿತು. ಮೇಲಿಂದ ಏಣಿ ಮಾವ ಸೊಂಟದವರೆಗೆ ಹೊರಕ್ಕೆ ಬಾಗಿ "ಕೆಳಗೆ ನೋಡ್ಬೇಡಮ್ಮ, ನನ್ ಮುಖ ನೋಡ್ತಾ ಬಾ" ಅಂದರು. ಅವರ ಮುಖ ನೋಡುತ್ತಾ ಹತ್ತಿದೆ. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಮಾರನೆಯ ದಿನ ಕ್ಯಾಪ್ಟನ್ ಕರೆಸಿ ಕೇಳಿದರು, ನಿನ್ನ ಬಿಲ್ಲೆ ತಿರುಗಿಸಿದ್ದು ಯಾರು ಅಂತ. ಗೊತ್ತಿಲ್ಲ ಅಂದೆ. ಗೊತ್ತಿತ್ತು ಅಮ್ಮಾ. ನಾನು ಹಿಂದೆಯೇ ಬರುತ್ತೇನೆಂದು ನಂಬಿ, ರೂಢಿಯಂತೆ ನನ್ನದನ್ನೂ ತಿರುಗಿಸಿ, ಹೋಗಿ ಮುಸುಕೆಳೆದು ಮಲಗಿದ್ದಾಳೆ ರೇಡಿಯೋ. ಯಾರೂ ಒಪ್ಪಿಕೊಳ್ಳದ ಕಾರಣ ತಪ್ಪೆಲ್ಲ ಏಣಿ ಮಾವನ ತಲೆಗೆ ಬಂತು, ಕಾವಲು ಸರಿಯಿಲ್ಲ ಅಂತ. ನಾಳೆ ಬಂದರು ಸಿಕ್ಕೊಡನೆ ಅವರನ್ನು ಕೆಲಸದಿಂದ ಇಳಿಸುತ್ತಾರೆ. ಬೆಳಿಗ್ಗೆ ಅವರ ಮುಂದೆ ಹೋಗಿ ನಿಂತೆ. "ನೀನು ವಾಪಸ್ ಬಂದ್ಯಲ್ಲ, ಅಷ್ಟು ಸಾಕು ಬಿಡು" ಅಂತ ಅವರೇ ನನಗೆ ಸಮಾಧಾನ ಹೇಳಿದರು.

ಹೇಳಿದರೆ ರೇಡಿಯೋ ಹೋಗುತ್ತಾಳೆ. ಒಂದು ದೂರು ಬಂದರೂ ಓದು ಅಲ್ಲಿಗೇ ಮುಗಿಯಿತು ಅಂತ ಇವಳ ತಾತ ಹೇಳಿಯೇ ಕಳಿಸಿದ್ದಾರೆ. ಹೇಳದಿದ್ದರೆ ಏಣಿ ಮಾವ ಹೋಗುತ್ತಾರೆ. ಕೆಳಗಿನ ಮಂಚದಲ್ಲಿ ಇವಳು ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ, ಮೇಲೆ ನಾನು ಕುದಿಯುತ್ತಿರುತ್ತೇನೆ. ಕೋಪ ಬರುತ್ತದೆ ಅಮ್ಮಾ, ಒಮ್ಮೊಮ್ಮೆ ಜುಟ್ಟು ಹಿಡಿದು ಎಬ್ಬಿಸೋಣ ಅನ್ನಿಸುತ್ತದೆ. ಮರುಕ್ಷಣವೇ ಪಾಪ ಅನ್ನಿಸುತ್ತದೆ. ಅವಳು ಕೆಟ್ಟವಳಲ್ಲ, ಹೆದರಿದ್ದಾಳೆ.

ನಾವು ಚಿಕ್ಕವರಿದ್ದಾಗ ಬಾಗಿಲು ಹಾಕುವ ಮುಂಚೆ ಅಪ್ಪ "ಎಲ್ಲರೂ ಬಂದಾಯ್ತು ಕಣೇ" ಅಂದರೂ, ನೀನು ಬಂದು ಒಬ್ಬೊಬ್ಬರ ಹೊದಿಕೆ ಸರಿಸಿ ಮುಖ ನೋಡಿ ಹೋಗುತ್ತಿದ್ದೆ. "ನಿನ್ನದೊಂದು ಅತಿ" ಅಂತ ರೇಗಿಸುತ್ತಿದ್ದೆವು. ಇನ್ನು ಮೇಲೆ ರೇಗಿಸುವುದಿಲ್ಲ.

ಸಂಜೆ ಊಟದ ಗಂಟೆಗೆ ಮುಂಚೆ ಕ್ಯಾಪ್ಟನ್ ಮತ್ತೆ ಕರೆಯುತ್ತಾರಂತೆ, ಇದೇ ಕೊನೆಯ ಸಲ. ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಅಪ್ಪನಿಗೆ ಪೂರ್ತಿ ಹೇಳಬೇಡ, ಹಗ್ಗದ ಏಣಿ ಬಿಟ್ಟು ಹೇಳು. ತಮ್ಮನಿಗೆ ನನ್ನ ಸೈಕಲ್ ಮುಟ್ಟಬಾರದು ಅಂತ ತಿಳಿಸು. ನಿನ್ನ ಆಶೀರ್ವಾದ ಈ ಸಲ ಸ್ವಲ್ಪ ಜಾಸ್ತಿ ಬೇಕು.

ನಿನ್ನ
ಹಿರಿ ಮಗಳು

ತಾ.ಕ.: ಆಂಟಿ, ಇದು ನಾನು, ಕೆಳಗಿನ ಮಂಚದ ರೇಡಿಯೋ. ಅಂಟು ಹಚ್ಚಿ ಅಂಚೆ ಪೆಟ್ಟಿಗೆಗೆ ಹಾಕು ಅಂತ ಈ ಕಾಗದ ನನ್ನ ಕೈಗೆ ಕೊಟ್ಟು ನಿಮ್ಮ ಮಗಳು ಮೇಲೆ ಹೋದಳು. ಮೂರು ದಿನದಲ್ಲಿ ನನ್ನ ಜೊತೆ ಆಡಿದ್ದು ಅದೊಂದೇ ಮಾತು. ಓದಬಾರದಿತ್ತು, ಓದಿಬಿಟ್ಟೆ. ಅವತ್ತು ಮುಸುಕು ತೆಗೆದು ಮೇಲಿನ ಮಂಚದ ಕಡೆ ಒಂದು ಸಲ ನೋಡಿದ್ದರೆ ಸಾಕಿತ್ತು. ಬಿಲ್ಲೆ ತಿರುಗಿಸಿದ್ದು ನಾನೇ ಅಂತ ಹೇಳಲು ಕ್ಯಾಪ್ಟನ್ ಹತ್ತಿರ ಹೊರಟಿದ್ದೇನೆ. ನಿಮ್ಮ ಮಗಳಿಗೆ ಇನ್ನೂ ಹೇಳಿಲ್ಲ. ಈಗಷ್ಟೇ ಮೆಟ್ಟಿಲು ಹತ್ತಿ ನೋಡಿ ಬಂದೆ. ನಿಮ್ಮ ಮಗಳು ಕಂಬಿ ಹಿಡಿದು ಗಾಳಿಗೆ ಮುಖ ಕೊಟ್ಟು ನಿಂತಿದ್ದಾಳೆ. ಹಲಗೆ ನೋಡಿ ಹೇಳುತ್ತಿಲ್ಲ ಆಂಟಿ, ಮುಖ ನೋಡಿ ಹೇಳುತ್ತಿದ್ದೇನೆ.