ಕರಡಿಗೆಯ ದಪ್ಪ

4 ಮಾರ್ಚ್ 2002, ಸೋಮವಾರ. ಬೆಳಗ್ಗೆ 6.40

ಕಾಂತಾಳ ಶುಗರ್ 143. ಪರವಾಗಿಲ್ಲ. ಇನ್ಸುಲಿನ್ ಪಂಪ್ ಬಂದು ಇಂದಿಗೆ ಹನ್ನೊಂದು ದಿನ. ಕಾಂತಾ ಪೂಜೆಗೆ ಕೂತಿದ್ದಾಳೆ — ಇನ್ನು ಇಪ್ಪತ್ತು ನಿಮಿಷ ಮಾತಿಲ್ಲ. ನನಗೆ ಬರೆಯಲು ಇದೇ ಹೊತ್ತು.

ನಿನ್ನೆಯದನ್ನು ಬರೆಯಲೇಬೇಕು. ಜರ್ಮನಿಯ ಗ್ರೀನ್ ಕಾರ್ಡ್ ಮೇಲೆ ಬಂದ ಕಂಪ್ಯೂಟರ್ ಹುಡುಗರು ಊಟಕ್ಕೆ ಬಂದಿದ್ದರು, ಏಳು ಜನ. ಅವರು ಬರುವ ಮುಂಚೆ ಪಂಪ್ ಬಿಚ್ಚಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾಳೆ ಮಹಾರಾಯಿತಿ! ಐದು ಗಂಟೆ. ಸಂಜೆಗೆ 390, ವಾಂತಿ. ಪೇಜರ್‌ನಷ್ಟು ಯಂತ್ರ, ಅದರಿಂದ ಹೊಟ್ಟೆಗೆ ಸಣ್ಣ ನಳಿಕೆ, ಹನಿ ಹನಿ ಇನ್ಸುಲಿನ್. ಅದು ನಿಂತರೆ ಅವಳ ಮೈಯಲ್ಲಿ ಬೇರೆ ಇನ್ಸುಲಿನ್ನೇ ಇಲ್ಲ. ಗೊತ್ತಿದ್ದೂ.

ಕೂಗಾಡಿದೆ. ಅವಳು ಮೆತ್ತಗೆ, “ಲಾಡಿಗೆ ಸಿಕ್ಕಿಸಿದ್ರೆ ಜಾರುತ್ತೆ ರೀ. ಹೋದ್ಸಲ ಬಡಿಸ್ತಾ ಬಡಿಸ್ತಾ ಮಂಡಿಗೆ ಬಂತು. ಆ ಮಕ್ಕಳ ಮುಂದೆ ಸೀರೆ ಎತ್ತಿ ಹುಡುಕ್ಲಾ?” ಅಂದಳು.

ಒಲೆಯ ಮೇಲೆ ಹಾಲು ಉಕ್ಕಿತು, ಆರಿಸಲು ಓಡಿದೆ.

7 ಮಾರ್ಚ್, ಗುರುವಾರ

ಡಾಕ್ಟರಮ್ಮ ಲಾಗ್ ಪುಸ್ತಕ ನೋಡಿ ಕನ್ನಡಕ ತೆಗೆದರು. ಪಂಪ್ ಮೂರು ತಿಂಗಳ ಟ್ರಯಲ್ ಮೇಲೆ ಕೊಟ್ಟಿದ್ದು. ಇನ್ನೊಂದು ಸಲ ಹೀಗೆ ಬಿಚ್ಚಿಟ್ಟರೆ ವಾಪಸ್. ಮತ್ತೆ ಇಂಜೆಕ್ಷನ್. ಇಂಜೆಕ್ಷನ್ ಅಂದರೆ ಮತ್ತೆ ಜನವರಿ — ಮೆಟ್ರೋದ U6 ಪ್ಲಾಟ್‌ಫಾರ್ಮ್ ಮೇಲೆ ಶುಗರ್ 31ಕ್ಕೆ ಇಳಿದು ಬಿದ್ದಿದ್ದಳು. ಹಳಿಯಿಂದ ಎರಡು ಹೆಜ್ಜೆ.

ಬರುವಾಗ ರೈಲಿನಲ್ಲಿ ಲೆಕ್ಕ ಹಾಕಿದೆ. ಖಾಯಿಲೆ ಗೊತ್ತಾಗಿದ್ದು 1973, ಮದುವೆಯಾಗಿ ಒಂದು ವರ್ಷಕ್ಕೆ. ಇಪ್ಪತ್ತೊಂಬತ್ತು ವರ್ಷ. ದಿನಕ್ಕೆ ಮೂರಾದರೂ ಚುಚ್ಚು. ಮೂವತ್ತು ಸಾವಿರಕ್ಕೂ ಮೇಲೆ. ಎಲ್ಲಾ ಬಚ್ಚಲುಮನೆಯಲ್ಲಿ, ಬಾಗಿಲು ಹಾಕಿಕೊಂಡು. ನಮ್ಮೂರು ತಿಪಟೂರಿಗೆ ಹೋದಾಗ ಎರಡೆರಡು ತಿಂಗಳು, ಹತ್ತು ಜನರ ಮನೆಯಲ್ಲಿ. ನನ್ನ ಅಮ್ಮನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ. ಮೊದಲು ಅವಳ ತಂಗಿಯರ ಮದುವೆಗೆ ಅಡ್ಡಿಯಾಗುತ್ತದೆಂದು ಮುಚ್ಚಿಟ್ಟಳು. ತಂಗಿಯರು ಈಗ ಅಜ್ಜಿಯರು. ಮುಚ್ಚಿಡುವುದು ಮಾತ್ರ ಹಾಗೇ ಉಳಿಯಿತು.

ಎದುರು ಸೀಟಿನಲ್ಲಿ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಿದ್ದಳು. ಎಂಥ ಹೆಂಗಸಪ್ಪಾ ಇವಳು ಅನ್ನಿಸಿತು.

9 ಮಾರ್ಚ್, ಶನಿವಾರ

ಓಬರ್‌ಮಾಯರ್ ಮನೆಗೆ ಹೋಗಿದ್ದೆ. ನಮ್ಮ ಇನ್‌ಸ್ಟಿಟ್ಯೂಟ್ ವರ್ಕ್‌ಶಾಪ್‌ನಲ್ಲಿದ್ದವನು, ನನಗಿಂತ ಎರಡು ವರ್ಷ ಮೊದಲು ರಿಟೈರ್ ಆದ. ಮಗಳು ಮಫ್ತಿ ಪೊಲೀಸ್. ಅವಳ ಪಿಸ್ತೂಲಿಗೆ, ಅಂಗಿಯ ಒಳಗೆ ಸೊಂಟಕ್ಕೆ ಸಿಕ್ಕಿಸುವ ಹೋಲ್‌ಸ್ಟರ್, ಅಂದರೆ ಒರೆ, ಅಪ್ಪನೇ ಗ್ಯಾರೇಜಿನಲ್ಲಿ ಮಾಡಿಕೊಡುವುದು. ಮೂವತ್ತು ವರ್ಷದ ಪರಿಚಯ, ಇದು ನನಗೆ ಗೊತ್ತೇ ಇರಲಿಲ್ಲ.

ಥರ್ಮೋಪ್ಲಾಸ್ಟಿಕ್ ಶೀಟು. ಹಲಗೆಯಂತೆ ಬಿರುಸು. ಓವನ್‌ನಲ್ಲಿ 160 ಡಿಗ್ರಿಗೆ ಇಟ್ಟ. ಐದೇ ನಿಮಿಷ — ನಾದಿದ ಕಣಕದಂತೆ ಜೋತುಬಿತ್ತು. ಪಿಸ್ತೂಲಿನ ಅಚ್ಚಿನ ಮೇಲೆ ಹೊದಿಸಿ ಫೋಮ್ ಒತ್ತಿದ. ಆರಿದ ಮೇಲೆ ಒಂದೊಂದು ಗೆರೆಯೂ ಮೂಡಿತ್ತು. ಜೀವಮಾನವೆಲ್ಲ ಲಕ್ಷ ಡಿಗ್ರಿಯ ಪ್ಲಾಸ್ಮಾ ಜೊತೆ ಕಳೆದವನು ನಾನು. ಅಡುಗೆಮನೆಯ ಓವನ್ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಕಾಂತಾಳ ಪಂಪಿಗೂ ಇಂಥದ್ದೇ ಒಂದು ಒರೆ ಮಾಡೋಣ ಅಂದೆ. ಮೂರು ತುಂಡು ಕೈಗಿಟ್ಟ. 3 ಮಿ.ಮೀ., 2, 1.5. “ಕೋಟಿನ ಹೊರಗೆ ಹಾಕೋದಾದ್ರೆ ಮೂರು. ಒಳಗೆ ಬಚ್ಚಿಡೋದಾದ್ರೆ ಎರಡು. ಒಂದೂವರೆ ಚೆನ್ನಾಗಿ ಅಚ್ಚು ಹಿಡಿಯತ್ತೆ, ಆದ್ರೆ ಬಳುಕತ್ತೆ. ಬಾಯಿ ಅಗಲ ಆಯ್ತೋ, ಒಳಗಿರೋದು ಬಿತ್ತು.”

ನಾನು ಮೂರನ್ನು ಆರಿಸಿದೆ. ಗಟ್ಟಿ ಇರಲಿ. ನಮ್ಮಮ್ಮ ಪಾತ್ರೆ ಅಂಗಡಿಯಲ್ಲಿ ಚೊಂಬನ್ನು ಕೈಯಲ್ಲಿ ತೂಗಿ ನೋಡಿ, ಭಾರ ಇದ್ದದ್ದನ್ನೇ ತರುತ್ತಿದ್ದಳು. ಓಬರ್‌ಮಾಯರ್ ಮೀಸೆಯೊಳಗೇ ನಕ್ಕ.

10 ಮಾರ್ಚ್, ಭಾನುವಾರ

“ಇದೇನ್ರೀ, ಸೊಂಟಕ್ಕೆ ಇಟ್ಟಿಗೆ ಕಟ್ಟಿದ್ದೀರಾ?”

ನಿಜ. ನೆರಿಗೆ ಸಿಕ್ಕಿಸಿದರೆ ಹೊಟ್ಟೆಯ ಮೇಲೆ ಡಬ್ಬ ಕೂತಂತೆ. ನನ್ನದೇ ದಡ್ಡತನ — ಲಂಗದ ಮೇಲಷ್ಟೇ ಅಳತೆ ತೆಗೆದಿದ್ದೆ. ಏಳು ನೆರಿಗೆ, ಹದಿನಾಲ್ಕು ಪದರ ರೇಷ್ಮೆ ಅದರ ಮೇಲೆ ಬರುತ್ತದೆ ಎಂಬುದು ಡಾಕ್ಟರೇಟ್ ಪಡೆದ ತಲೆಗೆ ಹೊಳೆಯಲಿಲ್ಲ.

17 ಮಾರ್ಚ್

2 ಮಿ.ಮೀ. ಮಾಡಿದೆವು. ಕಾಣುವುದು ಕಡಿಮೆ. ಆದರೆ ಬಗ್ಗಿದರೆ ಮೂಲೆ ಚುಚ್ಚುತ್ತದೆ. ನಾಲ್ಕು ದಿನ ಬಾಯಿ ಬಿಡಲಿಲ್ಲ ಮಾರಾಯ್ತಿ. ಇಂದು ನೋಡಿದರೆ ಪಕ್ಕೆಯಲ್ಲಿ ನೀಲಿಗಟ್ಟಿದೆ.

22 ಮಾರ್ಚ್

1.5. ಹಗುರ, ಕಾಣುವುದೇ ಇಲ್ಲ. ಕುಣಿಯುವಂತಾಯಿತು. ಬೇಕರಿಯಲ್ಲಿ ಬ್ರೆಡ್ ತೆಗೆದುಕೊಳ್ಳಲು ಬಗ್ಗಿದಳು, ಬಾಯಿ ಅಗಲಿಸಿತು, ಪಂಪ್ ನಳಿಕೆಯಲ್ಲಿ ನೇತಾಡಿತು, ಸೂಜಿ ಕಿತ್ತು ಬಂತು. ಓಬರ್‌ಮಾಯರ್ ಹೇಳಿದ್ದೇ ಆಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ, “ಸಾಕು ಬಿಡಿ. ಯುಗಾದಿಗೆ ಹಾಲ್‌ನಲ್ಲಿ ನಮ್ಮ ಕನ್ನಡದೋರೇ ನಲವತ್ತು ಜನ ಸೇರ್ತಾರೆ. ನಾನು ಬಿಚ್ಚಿಟ್ಟೇ ಹೋಗೋದು” ಅಂದಳು.

ನಾನೂ ಏನೋ ಅಂದೆ. ಬರೆಯುವಂಥದ್ದಲ್ಲ.

26 ಮಾರ್ಚ್

ಶುಗರ್ 211. ಕಾಫಿ ಲೋಟ ಕುಕ್ಕಿ ಹೋದಳು.

31 ಮಾರ್ಚ್, ಭಾನುವಾರ. ಬೆಳಗ್ಗೆ 7.15

ಈಸ್ಟರ್. ಚರ್ಚಿನ ಗಂಟೆ ಬಾರಿಸುತ್ತಲೇ ಇದೆ.

ಕಾಂತಾ ಪೂಜೆ ಮುಗಿಸಿ ಇಷ್ಟಲಿಂಗವನ್ನು ಕರಡಿಗೆಯೊಳಗಿಟ್ಟು ಮುಚ್ಚಿದಳು. ಟಿಕ್. ಶಿವದಾರವನ್ನು ಕೊರಳಿಗೆ ಹಾಕಿಕೊಂಡು ರವಿಕೆಯೊಳಗೆ ಬಿಟ್ಟುಕೊಂಡಳು. ಮೂವತ್ತು ವರ್ಷದಿಂದ ದಿನಾ ನೋಡಿದ ದೃಶ್ಯ. ಇಂದು ನೋಡಿದೆ! ಅಷ್ಟು ದೊಡ್ಡ ಬೆಳ್ಳಿಯ ಕರಡಿಗೆ, ಎದೆಯ ಮೇಲೆ, ಬಟ್ಟೆಯೊಳಗೆ. ಯಾರಿಗಾದರೂ ಕಂಡಿದೆಯೇ? ಒಮ್ಮೆಯಾದರೂ ಚುಚ್ಚಿತು ಅಂದಿದ್ದಾಳೆಯೇ?

“ಕಾಂತಾ, ಒಂದ್ನಿಮಿಷ ಅದನ್ನ ಕೊಡು.”

“ಬರೀ ಕೈಲಿ ಮುಟ್ಟಬೇಡಿ, ಸ್ನಾನ ಆಗಿಲ್ಲ ನಿಮ್ದು.”

ಸ್ನಾನ ಮಾಡಿ ಬಂದೆ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು, ಬರೀ ಕರಡಿಗೆ ಕೊಟ್ಟಳು. ನನ್ನದು 1974ರಿಂದ ಡ್ರಾಯರಿನಲ್ಲಿದೆ, ನಾಚಿಕೆಯಾಯಿತು. ಸ್ಕ್ರೂ ಗೇಜ್ ಹಿಡಿದೆ. ಗೋಡೆಯ ದಪ್ಪ 0.7 ಮಿ.ಮೀ. ಅವಳ ಅಜ್ಜಿಯ ಕಾಲದ್ದು. ಜನವರಿಯಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಎದೆ ಅಡಿಯಾಗಿ ಬಿದ್ದಿದ್ದು ಇದರ ಮೇಲೆಯೇ. ಒಂದು ತಗ್ಗೂ ಇಲ್ಲ.

“ಚುಚ್ಚೋದು ದಪ್ಪಕ್ಕಲ್ಲ ರೀ, ಮೂಲೆಗೆ,” ಅಂದಳು. “ಇದಕ್ಕೆ ಮೂಲೆ ಎಲ್ಲಿದೆ?”

ಉಬ್ಬು! ಚಪ್ಪಟೆ ತಗಡು ಬಳುಕುತ್ತದೆ, ಅದೇ ತಗಡು ಉಬ್ಬಿದರೆ ಬಳುಕದು. ಮೊಟ್ಟೆಯ ಚಿಪ್ಪು. ಮೊದಲ ವರ್ಷದ ಹುಡುಗರಿಗೆ ನಾನೇ ಹೇಳಿಕೊಟ್ಟ ಪಾಠ. ಮೂರು ವಾರ ದಪ್ಪ ದಪ್ಪ ಅಂತ ಸತ್ತೆ. ಹಳ್ಳಿಯ ಅಕ್ಕಸಾಲಿಗನಿಗೆ ಗೊತ್ತಿತ್ತು, ಅವಳ ಮೈಗೆ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ.

ಕರಡಿಗೆಯನ್ನು ಕಣ್ಣಿಗೊತ್ತಿ ಕೊಟ್ಟೆ. ಎಷ್ಟೋ ವರ್ಷವಾಗಿತ್ತು.

6 ಏಪ್ರಿಲ್, ಶನಿವಾರ

ಮತ್ತೆ 1.5. ಪಂಪಿನ ಅಳತೆಗೆ ಮರದ ಅಚ್ಚು, ಎರಡೂ ಕಡೆ ಉಬ್ಬು, ಮೂಲೆಗಳೆಲ್ಲ ಉಜ್ಜಿ ದುಂಡಗೆ. ಲಾಡಿ ಪೋಣಿಸಲು ಎರಡು ತೂತು — ಶಿವದಾರದ ಹಾಗೆ. ಕರಡಿಗೆ ಅಂದರೆ ಮೈ ಮೇಲೆ ದೇವರನ್ನು ಹೊರುವ ಪೆಟ್ಟಿಗೆ ಅಂತ ವಿವರಿಸಿದೆ. ಓಬರ್‌ಮಾಯರ್ ಅಚ್ಚನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, ಮಗಳಿಗೂ ಇದೇ ಉಬ್ಬಿನಲ್ಲಿ ಒಂದು ಮಾಡುತ್ತೇನೆ ಅಂದ.

ಪಂಪ್ ಒಳಗೆ ಕೂತಾಗ ಸದ್ದು: ಟಿಕ್. ಅದೇ ಸದ್ದು.

ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಬೀಳಲಿಲ್ಲ.

12 ಏಪ್ರಿಲ್

ಆರು ದಿನ ಬಿಚ್ಚಿಲ್ಲ! 118, 131, 126. ಬಗ್ಗಿ ಕಸ ಗುಡಿಸಿ ತೋರಿಸಿದಳು. ಅವಳ ನಗು ನೋಡಬೇಕಿತ್ತು.

13 ಏಪ್ರಿಲ್, ಶನಿವಾರ. ಸಂಜೆ 7

ಯುಗಾದಿ. ಈಗ ತಾನೇ ಬಂದೆವು. ಬಿಸಿಬಿಸಿ ಇರುವಾಗಲೇ ಬರೆಯಬೇಕು.

ಹಸಿರು ರೇಷ್ಮೆ ಸೀರೆ. ನಾನು ದೂರದಿಂದ ಕಳ್ಳನಂತೆ ಸೊಂಟ ನೋಡುತ್ತಲೇ ಇದ್ದೆ. ಬೇವು-ಬೆಲ್ಲ ಹಂಚಿದಳು, ನಲವತ್ತು ಜನರಿಗೆ ಬಗ್ಗಿ ಬಗ್ಗಿ ಹೋಳಿಗೆ ಬಡಿಸಿದಳು. ಏನೂ ಕಾಣಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಹಾಲ್‌ನ ಅಡುಗೆಮನೆಯಲ್ಲಿ ವಂದನಾ ಅಳುತ್ತಿದ್ದಳು. ಮೈಸೂರಿನವಳು, ಗಂಡ ಅಶ್ವಿನ್ ಗ್ರೀನ್ ಕಾರ್ಡ್ ಮೇಲೆ ಬಂದು ಎಂಟು ತಿಂಗಳು. ಮಗಳು ಸೃಷ್ಟಿಗೆ ಆರು ವರ್ಷ. ಹೋದ ತಿಂಗಳು ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದರಂತೆ. ಇದೇ ಖಾಯಿಲೆ.

“ಯಾರಿಗೂ ಹೇಳ್ಬೇಡಿ ಆಂಟಿ. ಹೆಣ್ಣು ಮಗು. ನಾಳೆ ಯಾರು ಮದುವೆ ಆಗ್ತಾರೆ ಇವಳನ್ನ? ಪಂಪ್ ಹಾಕ್ತೀವಿ ಅಂದ್ರು, ನಾನೇ ಬೇಡ ಅಂದೆ. ಎಲ್ರಿಗೂ ಕಾಣುತ್ತೆ.”

ಕಾಂತಾ ಸೌಟು ಹಿಡಿದು ಹಾಗೇ ನಿಂತಳು. ಅಡುಗೆಮನೆಯಲ್ಲಿ ಏಳೆಂಟು ಹೆಂಗಸರು. ಬಾಗಿಲಲ್ಲಿ ನಾನು, ಖಾಲಿ ಬುಟ್ಟಿ ಹಿಡಿದು. ಸೌಟು ಕೆಳಗಿಟ್ಟಳು. ಸೆರಗು ಸರಿಸಿ, ನೆರಿಗೆಯ ಪಕ್ಕದಿಂದ ಕೈ ಹಾಕಿ, ಪಂಪ್ ಹೊರಗೆಳೆದಳು. ಟಿಕ್. ಎಲ್ಲರೂ ತಿರುಗಿದರು.

“ನನಗೆ ಇಪ್ಪತ್ತೊಂಬತ್ತು ವರ್ಷ ಆಯ್ತಮ್ಮ. ಬದುಕಿದೀನಿ ನೋಡು. ಬಚ್ಚಿಟ್ಟಿದ್ದಕ್ಕೇ ಒಂದ್ಸಲ ಸಾಯ್ತಿದ್ದೆ.”

ಐದು ವಾರ ಯಾರಿಗೂ ಕಾಣಬಾರದೆಂದು ದುಡಿದಿದ್ದೆ. ಅರೆಕ್ಷಣದಲ್ಲಿ ಎಲ್ಲರಿಗೂ ತೋರಿಸಿಬಿಟ್ಟಳು. ಕೋಪ ಬರಬೇಕಿತ್ತು. ಬದಲಿಗೆ ಬುಟ್ಟಿ ಹಿಡಿದುಕೊಂಡು ಗೋಡೆಗೆ ಒರಗಿದೆ. ಮೂವತ್ತು ವರ್ಷ ಜೊತೆಗಿದ್ದೂ ಈ ಕಾಂತಾಳನ್ನು ನಾನು ನೋಡಿರಲಿಲ್ಲ.

ಸೃಷ್ಟಿ ಬಂದು ಜರ್ಮನ್‌ನಲ್ಲಿ, ಮುಟ್ಟಲಾ ಅಂತ ಕೇಳಿತು. ಒಳಗೆ ಹಾಕಿತು, ಟಿಕ್. ಹೊರಗೆ ತೆಗೆಯಿತು, ಟಿಕ್. ಹತ್ತು ಸಲವಾದರೂ. ವಂದನಾ ಕಣ್ಣೊರೆಸಿಕೊಂಡು ನೋಡುತ್ತಾ ನಿಂತಿದ್ದಳು.

14 ಏಪ್ರಿಲ್, ಭಾನುವಾರ. ಬೆಳಗ್ಗೆ 9

124. ವಂದನಾ ಫೋನ್. ನಾಳೆ ಡಾಕ್ಟರಿಗೆ ಒಪ್ಪಿಗೆ ಹೇಳುತ್ತಾಳಂತೆ. ಮಗುವಿಗೂ ಒಂದು ಮಾಡಿಕೊಡಿ ಅಂಕಲ್ ಅಂದಳು. ಹಿಂದಿನಿಂದ ಸೃಷ್ಟಿ ಕೂಗುವುದು ಕೇಳಿತು — ಕೆಂಪು ಬೇಕು, ಫ್ರಾಕಿನ ಮೇಲೆ ಹಾಕಿಕೊಳ್ಳುತ್ತೇನೆ, ಎಲ್ಲರಿಗೂ ಕಾಣಬೇಕು!

ಹೊರಗೆ ಹಾಕುವುದಾದರೆ ಮೂರು ಮಿ.ಮೀ. ಮಗು ಓಡುತ್ತದೆ, ಬೀಳುತ್ತದೆ. ಗಟ್ಟಿ ಇರಲಿ. ಉಬ್ಬು ಮಾತ್ರ ಅದೇ.

ಕಾಂತಾ ಕಾಫಿ ತಂದಿಟ್ಟು ಲೆಕ್ಕ ನೋಡಿದಳು. “ನನಗೂ ಕೆಂಪೇ ಒಂದು ಮಾಡಿ. ನಮ್ಮತ್ತೆ ಕೀ ಗೊಂಚಲು ಸಿಕ್ಕಿಸ್ಕೊಳ್ತಿದ್ರಲ್ಲ, ಹಾಗೆ, ಸೀರೆ ಮೇಲೇ.”

“ಕಾಣುತ್ತೆ ಕಣೇ,” ಅಂದೆ.

ಎದೆಯ ಮೇಲೆ ಕೈಯಿಟ್ಟಳು. “ಒಳಗೆ ಇದೊಂದು ಇದೆಯಲ್ಲ, ಸಾಕು.”

ಕೆಂಪು, ಮೂರು ಮಿ.ಮೀ., ಎರಡು ಶೀಟು. ಓಬರ್‌ಮಾಯರ್‌ಗೆ ಈಗಲೇ ಫೋನ್ ಮಾಡಬೇಕು.